ತುಕ್ಕು ತಡೆಯುವುದು ಬೇರೆ, ತೆಗೆಯುವುದು ಬೇರೆ: ಹಳೆಯ ಡಾಲ್ಫಿನ್ ಕಾರನ್ನು ಆಧರಿಸಿದ ಒಂದು ಪಾಠದ ಅವಲೋಕನ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳ ತಪ್ಪುಗಳನ್ನು ಗುರುತಿಸುವುದು ನಮಗೆ ರೂಢಿಯಾಗಿದೆ. ಆದರೆ ತರಗತಿಯಲ್ಲಿ ಬರುವ ಸರಿಯುತ್ತರಗಳನ್ನು ನಾವು ಅಷ್ಟಾಗಿ ಪರೀಕ್ಷಿಸುವುದಿಲ್ಲ. ಪಠ್ಯಪುಸ್ತಕದ ಮಾತಿಗೆ ಹೊಂದಿದರೆ ಸಾಕು, ‘ಸರಿ, ಕುಳಿತುಕೋ’ ಎಂದು ಮುಂದೆ ಹೋಗುತ್ತೇವೆ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಹತ್ತನೇ ತರಗತಿಗೆ ಮಾಡಿದ ‘ಲೋಹಗಳ ಸಂಕ್ಷಾರಣ’ ಪಾಠವು ಈ ರೂಢಿಯ ಅಪಾಯವನ್ನು ನನಗೆ ಮನವರಿಕೆ ಮಾಡಿಕೊಟ್ಟಿತು. ಆ ಪಾಠ, ಅದರಲ್ಲಿ ಉಳಿದುಹೋದ ಪ್ರಶ್ನೆ, ಅದಕ್ಕಾಗಿ ರೂಪಿಸಿದ ಮರುಪಾಠ ಇವುಗಳ ವಿವರ ಇಲ್ಲಿದೆ.

ಮೊದಲ ಪಾಠ

ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ಮೂರು ಪ್ರನಾಳಗಳಲ್ಲಿ ಕಬ್ಬಿಣದ ಮೊಳೆಗಳನ್ನು ಮೊದಲೇ ಇಟ್ಟು ತರಲಾಗಿತ್ತು. ಒಂದರಲ್ಲಿ ನಲ್ಲಿ ನೀರು ಮತ್ತು ಗಾಳಿ. ಎರಡನೆಯದರಲ್ಲಿ ಕುದಿಸಿದ ಬಟ್ಟಿ ಇಳಿಸಿದ ನೀರು, ಅದರ ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಒಣಗಾಳಿ. ಮೊದಲ ಪ್ರನಾಳದ ಮೊಳೆಗೆ ಮಾತ್ರ ತುಕ್ಕು ಹಿಡಿದಿತ್ತು. ತುಕ್ಕಿಗೆ ಗಾಳಿಯೂ ಬೇಕು, ನೀರೂ ಬೇಕು ಎಂಬ ತೀರ್ಮಾನಕ್ಕೆ ಮಕ್ಕಳು ತಾವಾಗಿಯೇ ಬಂದರು. ಪುನರಾವರ್ತನೆಯ ಹಂತದಲ್ಲಿ ಪ್ರಶಿಕ್ಷಣಾರ್ಥಿ ಕೇಳಿದರು: “ಗೇಟಿಗೆ ತುಕ್ಕು ಹಿಡಿದಿದೆ. ಏನು ಮಾಡಬೇಕು?” ಮುಂದಿನ ಸಾಲಿನ ಹುಡುಗಿ ಹೇಳಿದಳು: “ಬಣ್ಣ ಬಳಿಯಬೇಕು ಮಿಸ್.” “ಸರಿ, ಕುಳಿತುಕೋ.” ನಾನೂ ವೀಕ್ಷಣಾ ಹಾಳೆಯಲ್ಲಿ ‘ಉದ್ದೇಶ ಈಡೇರಿದೆ’ ಎಂದು ಗುರುತು ಹಾಕಿದೆ.

ಆಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. “ಮಿಸ್, ನಮ್ಮನೆ ಗೇಟಿಗೆ ಪ್ರತಿ ವರ್ಷ ಹಬ್ಬಕ್ಕೆ ಬಣ್ಣ ಹೊಡೀತೀವಿ. ಆದ್ರೂ ಕೆಳಗಡೆ ಉದುರ್ತಾನೇ ಇದೆಯಲ್ಲ?” ಗಂಟೆ ಬಾರಿಸಿತು. ಉತ್ತರ ಸಿಗಲಿಲ್ಲ.

ಊಟದ ಬಿಡುವಿನಲ್ಲಿ ನಾವಿಬ್ಬರೂ ಚರ್ಚಿಸಿದಾಗ ತಪ್ಪು ಎಲ್ಲಿದೆ ಎಂಬುದು ಹೊಳೆಯಿತು. ಬಣ್ಣ ಬಳಿಯುವುದು, ಎಣ್ಣೆ ಸವರುವುದು, ಸತುವಿನ ಲೇಪ ಕೊಡುವುದು ಇವೆಲ್ಲ ತುಕ್ಕನ್ನು ತಡೆಯುವ ವಿಧಾನಗಳು. ಪ್ರಶ್ನೆ ಇದ್ದುದು ಆಗಲೇ ಹಿಡಿದ ತುಕ್ಕಿನ ಬಗ್ಗೆ. ತಡೆಯ ಉತ್ತರವನ್ನು ದುರಸ್ತಿಯ ಪ್ರಶ್ನೆಗೆ ಕೊಟ್ಟಿದ್ದರು, ನಾವು ಇಬ್ಬರು ಶಿಕ್ಷಕರು ಒಪ್ಪಿಕೊಂಡಿದ್ದೆವು. ಗೇಟಿನ ವಿಷಯದಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ವಾಹನದ ವಿಷಯದಲ್ಲಿ ಇದೇ ತಪ್ಪು ಪ್ರಾಣಕ್ಕೆ ಬರಬಹುದು.

ಡಾಲ್ಫಿನ್ ಕಾರನ್ನು ಆರಿಸಿದ್ದೇಕೆ?

ಕುಣಿಗಲ್‌ನ ಒಂದು ಗ್ಯಾರೇಜಿನಲ್ಲಿ ಹಳೆಯ ಡಾಲ್ಫಿನ್ ಕಾರೊಂದು ದುರಸ್ತಿಗೆ ನಿಂತಿತ್ತು. ಬೆಂಗಳೂರಿನ ಸಿಪಾನಿ ಸಂಸ್ಥೆ 1980ರ ದಶಕದಲ್ಲಿ ತಯಾರಿಸಿದ ಎರಡು ಬಾಗಿಲಿನ ಪುಟ್ಟ ಕಾರು ಇದು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’ ಎಂಬ ಕಾರೇ ಇದರ ಮೂಲ. 848 ಸಿ.ಸಿ. ಎಂಜಿನ್, ಫೈಬರ್‌ಗ್ಲಾಸ್ ಬಾಡಿ. ಹಗುರವಾಗಿದ್ದ ಕಾರಣ ಅಂದಿನ ರ‍್ಯಾಲಿ ಮತ್ತು ರೇಸುಗಳಲ್ಲಿಯೂ ಈ ಕಾರು ಓಡಿತು. ಮೂಲತಃ ಇದರ ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕ್. ಮಾಲೀಕರಿಗೆ ಕಾರನ್ನು ಮತ್ತೆ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಓಡಿಸುವ ಆಸೆ. ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಲು ಬೇಕಾದ ಸಾಮಾನುಗಳನ್ನು ಆಗಲೇ ಕೊಂಡು ತಂದಿದ್ದರು. ಕಾರನ್ನು ಎತ್ತಿ ಕೆಳಗೆ ನೋಡಿದ ಮೇಲೆ ಟಿಂಕರ್ ಕೆಲಸದವರು ಅದನ್ನು ಪಕ್ಕಕ್ಕಿಡಿಸಿದ್ದರು. “ಮೊದಲು ಚಾಸಿ, ಆಮೇಲೆ ಬ್ರೇಕು ಸಾರ್” ಎಂಬುದು ಅವರ ಮಾತು.

ಈ ಒಂದು ಮಾತಿನಲ್ಲಿ ಎಂಟನೇ ತರಗತಿಯ ಘರ್ಷಣೆ ಮತ್ತು ಒತ್ತಡ, ಒಂಬತ್ತನೆಯ ತರಗತಿಯ ಚಲನಶಕ್ತಿ, ಹತ್ತನೆಯ ತರಗತಿಯ ಸಂಕ್ಷಾರಣ ಎಲ್ಲವೂ ಸೇರಿವೆ. ಆದ್ದರಿಂದ ಇದನ್ನೇ ಮರುಪಾಠದ ವಸ್ತುವನ್ನಾಗಿ ಮಾಡಿಕೊಂಡೆವು. ಮಕ್ಕಳನ್ನು ಗ್ಯಾರೇಜಿಗೆ ಕರೆದೊಯ್ಯಲಿಲ್ಲ. ನಾವೇ ಹೋಗಿ ಚಿತ್ರಗಳನ್ನು ತೆಗೆದು, ಕತ್ತರಿಸಿ ಹಾಕಿದ್ದ ಚಾಸಿಯ ಒಂದು ತುಂಡನ್ನು ಮತ್ತು ನೀರಿನಿಂದ ತೊಳೆದ ಹಳೆಯ ಡ್ರಮ್ ಒಂದನ್ನು ತಂದೆವು. ಹಳೆಯ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಲೈನರ್‌ಗಳನ್ನು ತರಲಿಲ್ಲ. ಅದರ ಪುಡಿಯನ್ನು ಊದಬಾರದು, ಒಣದಾಗಿ ಉಜ್ಜಬಾರದು ಎಂಬುದನ್ನು ತರಗತಿಯಲ್ಲಿಯೂ ಹೇಳಲಾಯಿತು.

ಮರುಪಾಠದ ಉದ್ದೇಶಗಳು

ಪಾಠ ಮುಗಿದಾಗ ವಿದ್ಯಾರ್ಥಿಯು:
1. ತುಕ್ಕನ್ನು ತಡೆಯುವ ಕ್ರಮಕ್ಕೂ ತುಕ್ಕು ಹಿಡಿದ ಭಾಗವನ್ನು ದುರಸ್ತಿ ಮಾಡುವ ಕ್ರಮಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವನು/ಳು.
2. ವೇಗ ಹೆಚ್ಚಿದಂತೆ ನಿಲ್ಲುವ ದೂರ ಎಷ್ಟು ಹೆಚ್ಚುತ್ತದೆ ಎಂಬುದನ್ನು ಲೆಕ್ಕ ಹಾಕುವನು/ಳು.
3. ಬ್ರೇಕಿನ ಬಲ ಯಾವ ಯಾವ ಭಾಗಗಳ ಮೂಲಕ ಸಾಗುತ್ತದೆ ಎಂಬುದನ್ನು ಗುರುತಿಸುವನು/ಳು.

ಮೊದಲ ಅವಧಿ: ತುಕ್ಕು

ಪ್ರಶಿಕ್ಷಣಾರ್ಥಿ ಕಾರಿನ ಚಿತ್ರ ತೋರಿಸಿ, ಬಾಡಿ ಫೈಬರ್‌ಗ್ಲಾಸಿನದು ಎಂದು ತಿಳಿಸಿ, “ಈ ಕಾರಿಗೆ ತುಕ್ಕು ಹಿಡಿಯುತ್ತದೆಯೇ?” ಎಂದು ಕೇಳಿದರು. ಇಡೀ ತರಗತಿ ‘ಇಲ್ಲ’ ಎಂದಿತು. ಆಗ ಅವರು ಚಾಸಿಯ ತುಂಡನ್ನು ಮೇಜಿನ ಮೇಲಿಟ್ಟರು. ಹೊರಮೈಗೆ ಕಪ್ಪು ಬಣ್ಣ ಇನ್ನೂ ಅಂಟಿಕೊಂಡಿತ್ತು. ಒಳಗೆ ಪೊಳ್ಳು, ಗಟ್ಟಿಯಾದ ಕೆಮ್ಮಣ್ಣು ತುಂಬಿತ್ತು. ಬೆರಳಿನಿಂದ ಒತ್ತಿದರೆ ಪದರ ಪದರವಾಗಿ ಉದುರುತ್ತಿತ್ತು. ಹಿಂದಿನ ಬೆಂಚಿನ ಹುಡುಗನೇ ಮೊದಲು ಹೇಳಿದ: “ಮಿಸ್, ಇದು ಒಳಗಿಂದ ತಿಂದಿದೆ.”

ಅಲ್ಲಿಂದ ವಿವರಣೆ ಸುಲಭವಾಯಿತು. ಗಾಲಿ ಎರಚಿದ ಮಣ್ಣು ಪೊಳ್ಳಿನೊಳಗೆ ಸೇರಿ, ನೀರು ಹೊರಹೋಗುವ ರಂಧ್ರಗಳನ್ನು ಮುಚ್ಚುತ್ತದೆ. ಮಳೆ ನಿಂತ ಎಷ್ಟೋ ದಿನಗಳವರೆಗೆ ಆ ಮಣ್ಣು ತೇವವನ್ನು ಹಿಡಿದಿರುತ್ತದೆ. ಮೊದಲ ಪ್ರನಾಳದ ಸ್ಥಿತಿಯೇ ಅಲ್ಲಿ ವರ್ಷಗಟ್ಟಲೆ ಇರುತ್ತದೆ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಒತ್ತಾಗಿ ಅಂಟಿಕೊಂಡು ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸಡಿಲ, ರಂಧ್ರಮಯ, ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದಲೇ ಅದು ಮೇಲಿನ ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಬಣ್ಣ ಹಿಡಿದುಕೊಳ್ಳುವುದು ತುಕ್ಕನ್ನು, ಲೋಹವನ್ನಲ್ಲ. ತುಕ್ಕು ಉದುರಿದಾಗ ಬಣ್ಣವೂ ಉದುರುತ್ತದೆ.

ನಂತರ ಐದು ಗುಂಪುಗಳಿಗೆ ಏಳು ಚೀಟಿಗಳನ್ನು ಕೊಟ್ಟು ದುರಸ್ತಿಯ ಕ್ರಮದಲ್ಲಿ ಜೋಡಿಸಲು ಹೇಳಲಾಯಿತು: ಸುತ್ತಿಗೆಯಿಂದ ತಟ್ಟಿ, ಚೂಪು ಸಲಾಕೆಯಿಂದ ಚುಚ್ಚಿ ಪರೀಕ್ಷಿಸುವುದು, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸುವುದು, ಅಷ್ಟೇ ದಪ್ಪದ ಹೊಸ ತಗಡನ್ನು ವೆಲ್ಡ್ ಮಾಡುವುದು, ಸತುವಿನ ಅಂಶವಿರುವ ಪ್ರೈಮರ್ ಹಚ್ಚುವುದು, ಬಣ್ಣ ಬಳಿಯುವುದು, ಪೊಳ್ಳಿನೊಳಗೆ ಮೇಣದಂಥ ಲೇಪ ಸಿಂಪಡಿಸುವುದು, ನೀರಿನ ರಂಧ್ರಗಳು ತೆರೆದಿವೆಯೇ ಎಂದು ನೋಡುವುದು. ಜೊತೆಗೆ ‘ಪುಟ್ಟಿ ತುಂಬುವುದು’ ಎಂಬ ಎಂಟನೆಯ ಚೀಟಿಯನ್ನೂ ಬೇಕೆಂದೇ ಸೇರಿಸಿದ್ದೆವು. ಮೂರು ಗುಂಪುಗಳು ಅದನ್ನು ಎರಡನೆಯ ಸ್ಥಾನದಲ್ಲಿಟ್ಟವು. ಪುಟ್ಟಿ ಕಣ್ಣಿಗೆ ನುಣುಪು ಕೊಡುತ್ತದೆ, ಭಾರ ಹೊರುವುದಿಲ್ಲ. ಚಾಸಿಯ ತೂತಿಗೆ ಪುಟ್ಟಿ ತುಂಬಿದರೆ ದೋಷ ಮುಚ್ಚಿಹೋಗುತ್ತದೆ, ಬಲ ಬರುವುದಿಲ್ಲ ಎಂಬುದನ್ನು ಉಳಿದ ಎರಡು ಗುಂಪುಗಳೇ ಅವರಿಗೆ ವಿವರಿಸಿದವು. ಈ ಕಾರಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ಫೈಬರ್‌ಗ್ಲಾಸ್ ಬೆಂಕಿಗೆ ಹೊತ್ತಿಕೊಳ್ಳುವುದರಿಂದ ಬಾಡಿಯನ್ನು ಬೇರ್ಪಡಿಸದೆ ಅಥವಾ ಕಾಪು ಕೊಡದೆ ವೆಲ್ಡಿಂಗ್ ಮಾಡುವಂತಿಲ್ಲ.

ಎರಡನೆಯ ಅವಧಿ: ಬ್ರೇಕು

ಲೆಕ್ಕಕ್ಕಾಗಿ ಕಾರು ಮತ್ತು ಚಾಲಕರ ಒಟ್ಟು ರಾಶಿಯನ್ನು 600 ಕೆ.ಜಿ. ಎಂದು ಹಿಡಿದೆವು. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಚಲನಶಕ್ತಿ 30,000 ಜೌಲ್. ಗಂಟೆಗೆ 72 ಕಿ.ಮೀ. ವೇಗದಲ್ಲಿ ಅದು 1,20,000 ಜೌಲ್. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಈ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಬೇಕು. ಒಣ ರಸ್ತೆಯಲ್ಲಿ ವೇಗ ಪ್ರತಿ ಸೆಕೆಂಡಿಗೆ 7 ಮೀಟರ್‌ನಂತೆ ತಗ್ಗುತ್ತದೆ ಎಂದುಕೊಂಡರೆ ನಿಲ್ಲುವ ದೂರ ಮೊದಲ ವೇಗದಲ್ಲಿ ಸುಮಾರು 7 ಮೀಟರ್, ಎರಡನೆಯದರಲ್ಲಿ ಸುಮಾರು 29 ಮೀಟರ್. ಪೆಡಲ್ ಒತ್ತುವ ಮೊದಲು ಯೋಚನೆಗೆ ಒಂದು ಸೆಕೆಂಡ್ ಹಿಡಿದರೆ ಇನ್ನೂ 10 ಮತ್ತು 20 ಮೀಟರ್ ಸೇರುತ್ತವೆ. ಮಕ್ಕಳು 17 ಮತ್ತು 49 ಮೀಟರ್‌ಗಳನ್ನು ಮೈದಾನದಲ್ಲಿ ಹೆಜ್ಜೆ ಹಾಕಿ ಅಳೆದರು. ಎರಡನೆಯ ಗುರುತಿನ ಬಳಿ ನಿಂತಾಗ ತರಗತಿ ಮೌನವಾಗಿತ್ತು.

“ಡಿಸ್ಕ್ ಹಾಕಿದರೆ ಅರ್ಧ ದೂರಕ್ಕೇ ನಿಲ್ಲುತ್ತೆ” ಎಂದು ಒಬ್ಬ ಹೇಳಿದ. ಇದನ್ನು ಪ್ರಶಿಕ್ಷಣಾರ್ಥಿ ಈ ಬಾರಿ ಸುಮ್ಮನೆ ಒಪ್ಪಲಿಲ್ಲ. ಕಾರನ್ನು ಕೊನೆಗೆ ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಡ್ರಮ್ ಬ್ರೇಕು ಈಗಾಗಲೇ ಗಾಲಿಯನ್ನು ಜಾರಿಸುವಷ್ಟು ಬಲ ಕೊಡುತ್ತಿದ್ದರೆ ಒಂದೇ ಸಲದ ನಿಲುಗಡೆಯಲ್ಲಿ ಡಿಸ್ಕಿನಿಂದ ದೊಡ್ಡ ವ್ಯತ್ಯಾಸವಾಗದು. ಡಿಸ್ಕಿನ ಲಾಭ ಬೇರೆ ಕಡೆ ಇದೆ. ಡ್ರಮ್ಮಿನೊಳಗೆ ಶಾಖ ಸಿಕ್ಕಿಕೊಳ್ಳುತ್ತದೆ. ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಹಿಡಿದರೆ ಅದರ ಹಿಡಿತ ಸಡಿಲವಾಗುತ್ತದೆ. ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ತಣ್ಣಗಾಗುತ್ತದೆ, ನೀರನ್ನೂ ಬೇಗ ಕೊಡವಿಕೊಳ್ಳುತ್ತದೆ. ಆದರೆ ಡ್ರಮ್ಮಿನಲ್ಲಿ ಗಾಲಿಯ ತಿರುಗುವಿಕೆಯೇ ಒಂದು ಶೂವನ್ನು ಇನ್ನಷ್ಟು ಒತ್ತಿ ಹಿಡಿಸುತ್ತದೆ. ಡಿಸ್ಕಿನಲ್ಲಿ ಈ ಸಹಾಯವಿಲ್ಲ, ಪೆಡಲಿಗೆ ಹೆಚ್ಚು ಬಲ ಬೇಕು. ಮಾಸ್ಟರ್ ಸಿಲಿಂಡರ್, ಹಿಂದಿನ ಬ್ರೇಕಿನ ಸಮತೋಲ, ಗಾಲಿಯೊಳಗಿನ ಜಾಗ ಎಲ್ಲವನ್ನೂ ಹೊಂದಿಸಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕಿರುವುದರಿಂದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ದ್ರವದ ಒತ್ತಡಕ್ಕೆ ಒಂದು ಸಣ್ಣ, ಒಂದು ದೊಡ್ಡ ಸಿರಿಂಜ್‌ಗಳನ್ನು ನಳಿಕೆಯಿಂದ ಜೋಡಿಸಿ ನೀರು ತುಂಬಿದೆವು. ಸಣ್ಣದನ್ನು ಒತ್ತಿದರೆ ದೊಡ್ಡದು ಹೆಚ್ಚು ಬಲದಿಂದ ಏಳುತ್ತದೆ, ಆದರೆ ಕಡಿಮೆ ದೂರ ಚಲಿಸುತ್ತದೆ. ನಳಿಕೆಯಲ್ಲಿ ಗಾಳಿಗುಳ್ಳೆ ಬಿಟ್ಟು ಒತ್ತಿದಾಗ ‘ಮೆತ್ತಗೆ’ ಆಗುವುದನ್ನು ಪ್ರತಿಯೊಬ್ಬರೂ ಬೆರಳಿನಿಂದಲೇ ಅರಿತರು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದಾಗಿನ ಮಿತಿ 140 ಡಿಗ್ರಿ. ಕುದಿದರೆ ಆವಿಯೇ ಆ ಗುಳ್ಳೆ. ಅದೇ ತೇವ ಸಿಲಿಂಡರಿನ ಒಳಮೈಗೂ ತುಕ್ಕು ಹಿಡಿಸುತ್ತದೆ. ಇಲ್ಲಿಗೆ ತುಕ್ಕಿನ ಪಾಠವೂ ಬ್ರೇಕಿನ ಪಾಠವೂ ಒಂದಾದವು.

ಕೊನೆಯ ಪ್ರಶ್ನೆ: “600 ಕೆ.ಜಿ. ಕಾರನ್ನು ಹೀಗೆ ನಿಲ್ಲಿಸುವ ಬಲ ಎಷ್ಟು? ಅದು ಎಲ್ಲಿಗೆ ಹೋಗುತ್ತದೆ?” ಉತ್ತರ 4,200 ನ್ಯೂಟನ್, ಸುಮಾರು 420 ಕೆ.ಜಿ. ತೂಕದಷ್ಟು ಎಳೆತ. ಮಕ್ಕಳು ಕಪ್ಪು ಹಲಗೆಯ ಮೇಲೆ ಸರಪಳಿ ಬರೆದರು: ರಸ್ತೆ, ಟೈರು, ಗಾಲಿ, ಬ್ರೇಕು, ಸಸ್ಪೆನ್ಷನ್, ಚಾಸಿ. ಮುಂದಿನ ಸಾಲಿನ ಹುಡುಗಿ ಮೇಜಿನ ಮೇಲಿದ್ದ ತುಂಡನ್ನು ತೋರಿಸಿ, “ಹಾಗಾದ್ರೆ ಇದನ್ನ ಸರಿಮಾಡದೆ ಬ್ರೇಕ್ ಹಾಕಿಸಿದ್ರೆ ಬ್ರೇಕೇ ಕಿತ್ಕೊಂಡು ಬರುತ್ತಲ್ವಾ ಮಿಸ್?” ಎಂದಳು. ಮೊದಲ ದಿನ ‘ಬಣ್ಣ ಬಳಿಯಬೇಕು’ ಎಂದಿದ್ದವಳು ಅವಳೇ.

ಮೌಲ್ಯಮಾಪನ

ಮನೆಗೆಲಸ ಒಂದೇ: ಮನೆಯ ಸೈಕಲ್ ಅಥವಾ ಗಾಡಿಯ ಬ್ರೇಕಿನ ಸರಪಳಿಯನ್ನು ದೊಡ್ಡವರ ಜೊತೆ ಕುಳಿತು ನೋಡಿ, ಏನನ್ನೂ ಬಿಚ್ಚದೆ, ತುಕ್ಕು ಎಲ್ಲೆಲ್ಲಿದೆ ಎಂದು ಬರೆದು ತರುವುದು. ಬಹುತೇಕ ಮಕ್ಕಳು ಹೊರಗೆ ಕಾಣುವ ಮಡ್‌ಗಾರ್ಡ್, ಹ್ಯಾಂಡಲ್‌ಗಳ ತುಕ್ಕನ್ನಷ್ಟೇ ಬರೆದಿದ್ದರು. ಆದರೆ ಹಿಂದಿನ ಬೆಂಚಿನ ಹುಡುಗ, ಅಪ್ಪ ಡೇರಿಗೆ ಹಾಲು ಒಯ್ಯುವ ಮೊಪೆಡ್ಡಿನ ಹಿಂದಿನ ಬ್ರೇಕ್ ಕಡ್ಡಿ ಮಡ್ಡಿಯ ಅಡಿಯಲ್ಲಿ ಸವೆದು ತೆಳ್ಳಗಾಗಿರುವುದನ್ನು ಚಿತ್ರ ಸಮೇತ ತಂದಿದ್ದ. ಕೊನೆಯಲ್ಲಿ ಒಂದು ಸಾಲು: ‘ಅಪ್ಪ ಹೊಸದು ಹಾಕಿಸಿದರು.’

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

ಈ ಪಾಠದಲ್ಲಿ ಕೊರತೆಗಳಿದ್ದವು. ಎರಡನೆಯ ಅವಧಿಗೆ 40 ನಿಮಿಷ ಸಾಲಲಿಲ್ಲ. ಡ್ರಮ್ ಮತ್ತು ಡಿಸ್ಕಿನ ಹೋಲಿಕೆ ಬಹುಪಾಲು ಉಪನ್ಯಾಸವಾಯಿತು. ಮೈದಾನದ ಅಳತೆಯನ್ನು ಪ್ರತ್ಯೇಕ ಅವಧಿಗೆ ಇಡುವುದು ಒಳ್ಳೆಯದು. ಹಳೆಯ ಕಾರು ಸಿಗದಿದ್ದರೆ ಸೈಕಲ್ ಸಾಕು, ಮುರಿದ ಗೇಟಿನ ತುಂಡೂ ಸಾಕು. ಬೇಕಾದದ್ದು ಒಳಗನ್ನು ಕತ್ತರಿಸಿ ತೋರಿಸಬಲ್ಲ ಒಂದು ನಿಜವಸ್ತು.

ನಾನು ನನ್ನ ವೀಕ್ಷಣಾ ಹಾಳೆಗೆ ಒಂದು ಸಾಲು ಸೇರಿಸಿಕೊಂಡಿದ್ದೇನೆ: ‘ವಿದ್ಯಾರ್ಥಿಯ ಸರಿಯುತ್ತರವು ಕೇಳಿದ ಪ್ರಶ್ನೆಗೇ ಉತ್ತರವೇ?’ ಆ ದಿನ ಗಂಟೆ ಬಾರಿಸಿದ ಮೇಲೆ ನಾವು ಆ ಹುಡುಗನ ಮಾತನ್ನು ಅಲ್ಲಿಯೇ ಬಿಟ್ಟಿದ್ದರೆ ಪಾಠ ಯಶಸ್ವಿ ಎಂದೇ ದಾಖಲಾಗುತ್ತಿತ್ತು, ಮೊಪೆಡ್ಡಿನ ಕಡ್ಡಿ ಹಾಗೆಯೇ ಉಳಿದಿರುತ್ತಿತ್ತು.