ಭಯೋತ್ಪಾದನೆ: ಬದಲಾದ ವಿಧಾನಗಳು, ಬದಲಾಗದ ಪಾಪ

ಗಾದಿಗನೂರಿನ ಕಡೆಯ ಹಿರಿಯರನ್ನು ಕೇಳಿ ನೋಡಿ. ಹೊಸಪೇಟೆಗೋ ಬಳ್ಳಾರಿಗೋ ಹೊರಟಾಗ ರೈಲು ನಿಲ್ದಾಣದ ಕಟ್ಟೆಯ ಮೇಲೆ ಬಟ್ಟೆಯ ಗಂಟನ್ನಿಟ್ಟು ಚಹಾ ಕುಡಿದು ಬರುವುದು ಅವರ ಕಾಲದಲ್ಲಿ ಸಾಮಾನ್ಯ ಸಂಗತಿಯಾಗಿತ್ತು. ಗಂಟು ಕಳುವಾದೀತೆಂಬ ಅಂಜಿಕೆ ಒಡೆಯನಿಗಿತ್ತೇ ಹೊರತು ಅದನ್ನು ಕಂಡು ಬೇರೆಯವರು ಅಂಜುತ್ತಿರಲಿಲ್ಲ. ಇಂದು ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂಬ ಎಚ್ಚರಿಕೆ ನಮಗೆ ರೂಢಿಯಾಗಿಬಿಟ್ಟಿದೆ. ಒಂದು ಬಡಪಾಯಿ ಚೀಲ ಭಯದ ವಸ್ತುವಾದದ್ದು ಹೇಗೆ? ಇದನ್ನು ವಿಚಾರ ಮಾಡುವುದು ಪತ್ರಿಕೆ ಓದುವವರ ಕುತೂಹಲಕ್ಕಷ್ಟೇ ಅಲ್ಲ, ಮಕ್ಕಳನ್ನು ಬೆಳೆಸುವ ಪ್ರತಿಯೊಬ್ಬ ತಂದೆ ತಾಯಿಗೂ ಅಗತ್ಯ.

ದೊರೆಯಿಂದ ದಾರಿಹೋಕನವರೆಗೆ

ಸಾಮಾನ್ಯ ಕೊಲೆಗಾರನಿಗೆ ಸತ್ತವನೇ ಶತ್ರು. ಭಯೋತ್ಪಾದಕನಿಗೆ ಸತ್ತವನು ಕೇವಲ ಒಂದು ಸಾಧನ. ಹತ್ತು ಮಂದಿಯನ್ನು ಕೊಂದು ಹತ್ತು ಲಕ್ಷ ಮಂದಿಯನ್ನು ಹೆದರಿಸುವುದು ಅವನ ಲೆಕ್ಕಾಚಾರ. ಯುರೋಪಿನ ರಾಜಕೀಯದಲ್ಲಿ 'ಭಯದ ಆಳ್ವಿಕೆ' ಎಂಬ ಮಾತು ಪ್ರಸಿದ್ಧವಾದದ್ದು 1793-94ರಲ್ಲಿ, ಫ್ರಾನ್ಸಿನ ಕ್ರಾಂತಿಯ ನಂತರ. ಅಲ್ಲಿ ಭಯ ಹುಟ್ಟಿಸಿದ್ದು ಯಾವುದೋ ಗುಪ್ತ ಗುಂಪಲ್ಲ, ಸಾವಿರಾರು ಜನರ ತಲೆ ಕಡಿಸಿದ ಸರಕಾರವೇ ಎಂಬುದು ಗಮನಾರ್ಹ.

1867ರಲ್ಲಿ ಸ್ವೀಡನ್ನಿನ ಆಲ್‌ಫ್ರೆಡ್ ನೊಬೆಲ್ ಡೈನಮೈಟ್‌ಗೆ ಹಕ್ಕುಪತ್ರ ಪಡೆದ. ಸಿಡಿಮದ್ದಿನ ಉಪಯೋಗವೇನೆಂದು ಸಂಡೂರಿನ ಗಣಿಗಳ ನೆರೆಯಲ್ಲಿ ಬದುಕುವವರಿಗೆ ವಿವರಿಸಬೇಕಾಗಿಲ್ಲ. ಬಂಡೆ ಒಡೆಯಲು ಬಂದ ಶಕ್ತಿಯನ್ನು ಮನುಷ್ಯರನ್ನು ಛಿದ್ರಗೊಳಿಸಲು ಬಳಸಿದವರು ಬಹಳ ಬೇಗ ಹುಟ್ಟಿಕೊಂಡರು. 1881ರಲ್ಲಿ ರಶ್ಯದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಕ್ರಾಂತಿಕಾರಿಗಳ ಬಾಂಬಿಗೆ ಬಲಿಯಾದ. ಆ ಕಾಲದಲ್ಲಿ ಗುರಿ ಹೆಚ್ಚಾಗಿ ದೊರೆ, ಮಂತ್ರಿ, ಅಧಿಕಾರಿಗಳಾಗಿದ್ದರು.

ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ವಿಮಾನ ಪ್ರಯಾಣ ಮತ್ತು ಟೆಲಿವಿಷನ್ ವ್ಯಾಪಕವಾದುವು. ಅವುಗಳೊಂದಿಗೆ ಗುರಿಯೂ ಬದಲಾಯಿತು. ಯಾರ ತಂಟೆಗೂ ಹೋಗದ ಪ್ರಯಾಣಿಕ ಒತ್ತೆಯಾಳಾದ. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನದಲ್ಲಿ ಸಾಮಾನಿನ ನಡುವೆ ಇಟ್ಟಿದ್ದ ಬಾಂಬು ಆಗಸದಲ್ಲೇ ಸಿಡಿದು 329 ಮಂದಿ ಪ್ರಾಣ ಬಿಟ್ಟರು. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ವಿಮಾನವನ್ನೇ ಆಯುಧವಾಗಿಸಿ ಸುಮಾರು ಮೂರು ಸಾವಿರ ಜನರನ್ನು ಕೊಲ್ಲಲಾಯಿತು.

ನಮ್ಮ ನಾಡಿನಲ್ಲಿ

ಇವೆಲ್ಲ ದೂರದ ಕತೆಗಳೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. 1991ರ ಮೇ 21ರಂದು ಸೊಂಟಕ್ಕೆ ಬಾಂಬು ಕಟ್ಟಿಕೊಂಡ ಯುವತಿಯೊಬ್ಬಳು ತಮಿಳುನಾಡಿನ ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಕೊಂದಳು. ಸಂಚಿನ ಪ್ರಮುಖ ಶಿವರಾಸನ್ ಮತ್ತು ಸಂಗಡಿಗರು ಅದೇ ಆಗಸ್ಟ್‌ನಲ್ಲಿ ಹೆಣವಾಗಿ ಸಿಕ್ಕಿದ್ದು ಬೆಂಗಳೂರಿನ ಕೋಣನಕುಂಟೆಯ ಒಂದು ಮನೆಯಲ್ಲಿ. 2000ದಲ್ಲಿ ವಾಡಿ, ಹುಬ್ಬಳ್ಳಿ ಮತ್ತು ಬೆಂಗಳೂರಿನ ಚರ್ಚುಗಳಲ್ಲಿ ಬಾಂಬು ಸಿಡಿದುವು. ದೀನ್‌ದಾರ್ ಅಂಜುಮನ್‌ಗೆ ಸೇರಿದವರು ಆ ಪ್ರಕರಣದಲ್ಲಿ ಶಿಕ್ಷೆಗೊಳಗಾದರು. 2005ರ ಡಿಸೆಂಬರ್ 28ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗುಂಡು ಹಾರಿಸಿ ಪ್ರೊಫೆಸರ್ ಎಂ.ಸಿ. ಪುರಿಯವರನ್ನು ಕೊಲ್ಲಲಾಯಿತು. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟಗಳಾಗಿ ಮಡಿವಾಳದ ಬಸ್ ತಂಗುದಾಣದಲ್ಲಿ ನಿಂತಿದ್ದ ಮಹಿಳೆಯೊಬ್ಬರು ಅಸುನೀಗಿದರು.

ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಲ್ಲಲಾಯಿತು. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶರ ಕೊಲೆಯಾಯಿತು. ಎರಡೂ ಕಡೆ ಒಂದೇ ಪಿಸ್ತೂಲು ಬಳಕೆಯಾಗಿತ್ತೆಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಬರೆಯುವವರ, ಮಾತಾಡುವವರ ಬಾಯಿ ಕಟ್ಟುವುದೂ ಭಯೋತ್ಪಾದನೆಯೇ ಅಲ್ಲವೇ?

2022ರ ನವೆಂಬರ್‌ನಲ್ಲಿ ಮಂಗಳೂರಿನ ಆಟೋ ರಿಕ್ಷಾದಲ್ಲಿ ಸಿಡಿದದ್ದು ಅಡುಗೆಮನೆಯ ಕುಕ್ಕರ್. ಹೊಟ್ಟೆಪಾಡಿಗೆ ದುಡಿಯುತ್ತಿದ್ದ ಚಾಲಕ ಸುಟ್ಟ ಗಾಯಗಳಿಂದ ನರಳಿದ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸಿಡಿದದ್ದು ಗ್ರಾಹಕನಂತೆ ಬಂದವನು ಬಿಟ್ಟುಹೋದ ಚೀಲ. ದೊರೆಯ ಸಾರೋಟಿನಿಂದ ಆರಂಭವಾದ ಪಯಣ ತಿಂಡಿಯ ಮೇಜಿಗೆ ಬಂದು ನಿಂತಿದೆ.

ಈ ಪಟ್ಟಿಯಲ್ಲಿ ಎಲ್ಲ ಬಣ್ಣದವರೂ ಇದ್ದಾರೆ. ಆದ್ದರಿಂದ ಭಯೋತ್ಪಾದನೆಯನ್ನು ಒಂದು ಧರ್ಮದ ತಲೆಗೆ ಕಟ್ಟುವುದು ಸುಳ್ಳು. ಹಾಗೆಯೇ, ನಮ್ಮವರಲ್ಲಿ ಯಾರೂ ಇಲ್ಲವೆಂದು ಕಣ್ಣು ಮುಚ್ಚಿಕೊಳ್ಳುವುದೂ ಸುಳ್ಳು.

ಕೋಣೆಯೊಳಗಿನ ಶಿಬಿರ

ಹಿಂದೆ ಇಂತಹ ಗುಂಪಿಗೆ ಸೇರಬೇಕಾದರೆ ಮನೆ ಬಿಟ್ಟು, ಗಡಿ ದಾಟಿ, ಕಾಡು ಸೇರಬೇಕಿತ್ತು. ಈಗ ಶಿಬಿರವೇ ಮೊಬೈಲ್ ಮೂಲಕ ಕೋಣೆಗೆ ಬರುತ್ತದೆ. 2019ರಲ್ಲಿ ನ್ಯೂಝಿಲ್ಯಾಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಜುಮಾ ದಿನ 51 ಮಂದಿಯನ್ನು ಕೊಂದ ಬಿಳಿಯ ಜನಾಂಗವಾದಿ ಆ ಹತ್ಯೆಯನ್ನು ಇಂಟರ್‌ನೆಟ್ಟಿನಲ್ಲಿ ನೇರವಾಗಿ ತೋರಿಸಿದ. ಅವನ ದ್ವೇಷ ಬೆಳೆದದ್ದೂ ಅದೇ ಇಂಟರ್‌ನೆಟ್ಟಿನಲ್ಲಿ.

2023ರ ಡಿಸೆಂಬರ್ 18ರಂದು ರಾಷ್ಟ್ರೀಯ ತನಿಖಾ ಸಂಸ್ಥೆಯು ಬಳ್ಳಾರಿ ಸೇರಿದಂತೆ ನಾಲ್ಕು ರಾಜ್ಯಗಳಲ್ಲಿ ಶೋಧ ನಡೆಸಿ ಎಂಟು ಮಂದಿಯನ್ನು ಬಂಧಿಸಿತು. ರಹಸ್ಯ ಸಂದೇಶಗಳ ಮೂಲಕ ಅವರು ಸಂಪರ್ಕದಲ್ಲಿದ್ದರು, ಕಾಲೇಜು ವಿದ್ಯಾರ್ಥಿಗಳನ್ನು ಸೆಳೆಯುವುದು ಅವರ ಯೋಜನೆಯಾಗಿತ್ತು ಎಂಬುದು ಸಂಸ್ಥೆಯ ಆರೋಪ. ಆರೋಪವೇ ತೀರ್ಪಲ್ಲ. 1994ರಲ್ಲಿ ಬಂಧಿತನಾದ ಕಲಬುರಗಿಯ ವಿದ್ಯಾರ್ಥಿಯೊಬ್ಬ 22 ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದು 2016ರಲ್ಲಿ ಸುಪ್ರೀಂ ಕೋರ್ಟಿನಿಂದ ದೋಷಮುಕ್ತನಾದುದನ್ನು ನಾವು ಮರೆಯಬಾರದು. ಆದರೆ ನಿರಪರಾಧಿಗೆ ನ್ಯಾಯ ಕೇಳುವ ನಾಲಿಗೆಗೆ, ಅಪರಾಧವನ್ನು ಅಪರಾಧವೆಂದು ಹೇಳುವ ಧೈರ್ಯವೂ ಇರಬೇಕು.

ನಮ್ಮ ಹೊಣೆ

ಅನ್ಯಾಯವಾಗಿ ಒಂದು ಜೀವ ತೆಗೆಯುವುದನ್ನು ಇಡೀ ಮನುಕುಲದ ಹತ್ಯೆಗೆ ಸಮನಾದ ಪಾಪವೆಂದು ಪವಿತ್ರ ಕುರ್‌ಆನ್ ಪರಿಗಣಿಸುತ್ತದೆ. ಯುದ್ಧಕ್ಕೆ ಹೊರಟ ಸೈನ್ಯಕ್ಕೂ ಹ. ಅಬೂಬಕರ್(ರ) ಮಕ್ಕಳನ್ನು, ಸ್ತ್ರೀಯರನ್ನು, ವೃದ್ಧರನ್ನು ಕೊಲ್ಲಬಾರದೆಂದು, ಫಲ ಕೊಡುವ ಮರವನ್ನು ಕಡಿಯಬಾರದೆಂದು ತಾಕೀತು ಮಾಡಿದ್ದರು. ಮರಕ್ಕೇ ರಕ್ಷಣೆ ಕೊಟ್ಟ ಧರ್ಮದಲ್ಲಿ ಬಸ್ಸಿಗೆ ಕಾಯುವ ತಾಯಿಯನ್ನು ಕೊಲ್ಲಲು ಅನುಮತಿ ಎಲ್ಲಿಂದ ಬರಬೇಕು? ಆದರೆ ತಪ್ಪು ತಿಳುವಳಿಕೆಯ ಧಾರ್ಮಿಕ ಆವೇಶ ಏನು ಮಾಡಬಲ್ಲುದೆಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ಉದಾಹರಣೆಯಿದೆ. ಕ್ರಿ.ಶ. 661ರಲ್ಲಿ ಕೂಫಾದಲ್ಲಿ ಹ. ಅಲಿ(ರ)ಯವರನ್ನು ಕೊಂದವನು ಖವಾರಿಜ್ ಪಂಗಡದವನು. ತಾನು ಸತ್ಕಾರ್ಯ ಮಾಡುತ್ತಿರುವೆನೆಂದೇ ಅವನು ನಂಬಿದ್ದ.

ಇಂದು ಕಾವಲು ನಿಲ್ಲಬೇಕಾದ ಮೊದಲ ಸ್ಥಳ ಮನೆ. ಮಗ ಇದ್ದಕ್ಕಿದ್ದಂತೆ ಗೆಳೆಯರನ್ನು ತೊರೆದರೆ, ಊರಿನ ಉಲಮಾಗಳೆಲ್ಲ ದಾರಿತಪ್ಪಿದವರೆಂದು ಹೇಳತೊಡಗಿದರೆ, ನೆರೆಯವರನ್ನು ದ್ವೇಷಿಸತೊಡಗಿದರೆ ಅದನ್ನು ಧರ್ಮನಿಷ್ಠೆಯೆಂದು ಭ್ರಮಿಸಬೇಡಿ. ಬೈದು ಹೊರಗಟ್ಟಲೂ ಬೇಡಿ. ಹೊರಗಟ್ಟಿದವನಿಗಾಗಿ ಕಾದಿರುವವರು ಬೇರೆಯೇ ಇದ್ದಾರೆ. ಪಕ್ಕದಲ್ಲಿ ಕೂರಿಸಿಕೊಂಡು ಅವನ ಪ್ರಶ್ನೆಗಳನ್ನು ಆಲಿಸಿ. ಅವನ ಸಿಟ್ಟಿಗೆ ಕಾರಣವಾದ ಅನ್ಯಾಯ ನಿಜವೇ ಆಗಿದ್ದರೆ ಹಾಗೆಂದು ಒಪ್ಪಿಕೊಳ್ಳಿ. ಅದನ್ನು ಎದುರಿಸಲು ಕಾನೂನು, ವಿದ್ಯೆ, ಸಂಘಟನೆಗಳೆಂಬ ದಾರಿಗಳಿವೆಯೆಂದು ತೋರಿಸಿ. ತಿಳಿದ ವಿದ್ವಾಂಸರ ಬಳಿಗೆ ಕರೆದೊಯ್ಯಿರಿ. ಅಪಾಯದ ಸುಳಿವು ಸಿಕ್ಕರೆ ಮರೆಮಾಚದೆ ಪೊಲೀಸರಿಗೆ ತಿಳಿಸಿ, ಅದರಿಂದ ಉಳಿಯುವ ಜೀವಗಳಲ್ಲಿ ನಿಮ್ಮ ಮಗನದೂ ಒಂದಿರಬಹುದು.

ಡೈನಮೈಟ್ ಹೋಗಿ ಮೊಬೈಲ್ ಬಂದಿದೆ, ನಾಳೆ ಇನ್ನೊಂದು ಬಂದೀತು. ಎಲ್ಲ ಕಾಲದಲ್ಲೂ ಕೊಲ್ಲುವ ನಿರ್ಧಾರ ಹುಟ್ಟುವುದು ಮನುಷ್ಯನ ಮನಸ್ಸಿನಲ್ಲಿ. ಅಲ್ಲಿ ಅಲ್ಲಾಹನ ಭಯವೂ ಅವನ ಸೃಷ್ಟಿಗಳ ಮೇಲಿನ ಕರುಣೆಯೂ ಬೇರೂರಿದ್ದರೆ ಕೈಯಲ್ಲಿರುವ ಚೀಲಕ್ಕೆ ಯಾರೂ ಅಂಜಬೇಕಾಗಿಲ್ಲ.