ಬೇಸಿಗೆಯ ಚಾಟ್ನಿ ಕಡ್ಡಿಗೆ, ಹಿಂಗಾರಿನ ಚಾಟ್ನಿ ಗೊಂಚಲಿಗೆ



“ಅಕ್ಟೋಬರದಲ್ಲಿ ಚಾಟ್ನಿ ಮಾಡಿದೆ, ಎಲೆ ಹುಲುಸಾಗಿ ಬಂತು, ಗೊಂಚಲು ಮಾತ್ರ ಬರಲಿಲ್ಲ” ಎಂದು ಹಲವರು ಹೇಳುವುದುಂಟು. ಹೀಗೇಕೆ ಆಗುತ್ತದೆ ಎಂಬುದನ್ನು ದ್ರಾಕ್ಷಿ ಬೆಳೆಯುವವರೆಲ್ಲರೂ ತಿಳಿದಿರಬೇಕು.

ಇಟಲಿ, ಫ್ರಾನ್ಸ್ ಮೊದಲಾದ ಚಳಿ ದೇಶಗಳಲ್ಲಿ ದ್ರಾಕ್ಷಿ ಬಳ್ಳಿಯು ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಅಲ್ಲಿಯ ರೈತರು ಆ ಕಾಲದಲ್ಲಿ ವರ್ಷಕ್ಕೊಮ್ಮೆ ಚಾಟ್ನಿ ಮಾಡುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆ ಅಷ್ಟು ಚಳಿ ಇಲ್ಲ. ಬಳ್ಳಿ ತಾನಾಗಿ ಮಲಗದು. ಆದುದರಿಂದ ಥಾಮ್ಸನ್ ಸೀಡ್‌ಲೆಸ್‌ನಂಥ ಜಾತಿಗಳಿಗೆ ನಾವು ಎರಡು ಚಾಟ್ನಿ ಮಾಡಿ ಒಂದು ಬೆಳೆ ತೆಗೆಯುತ್ತೇವೆ.

ಏಪ್ರಿಲ್ ಚಾಟ್ನಿ

ಹಣ್ಣು ಕೊಯ್ದ ಮೇಲೆ ಬಳ್ಳಿಗೆ ಕೆಲವು ದಿನ ವಿಶ್ರಾಂತಿ ಕೊಟ್ಟು, ಹಳೆಯ ಕಡ್ಡಿಗಳನ್ನು ಒಂದೇ ಕಣ್ಣು ಉಳಿಯುವಂತೆ ಕತ್ತರಿಸಬೇಕು. ಚಿಗುರಿದ ಹೊಸ ಕಡ್ಡಿಯೇ ಮುಂದೆ ಫಲ ಕೊಡುವ ಕಡ್ಡಿ. ಚಾಟ್ನಿಯಾದ ಸುಮಾರು 40ರಿಂದ 60 ದಿನಗಳೊಳಗೆ ಅದರ ಕಣ್ಣುಗಳಲ್ಲಿ ಗೊಂಚಲಿನ ಮೊಳಕೆ ಕಟ್ಟುತ್ತದೆ. ಇದು ಹೊರಗೆ ಕಾಣದು. ಆ ದಿನಗಳಲ್ಲಿ ಕಣ್ಣಿಗೆ ಬಿಸಿಲು ತಾಗದಿದ್ದರೆ ಅಲ್ಲಿ ಗೊಂಚಲಿನ ಬದಲು ಬರಿಯ ಕುಡಿಬಳ್ಳಿ ಹುಟ್ಟುತ್ತದೆ. ಆದ್ದರಿಂದ ಒತ್ತಾಗಿ ಬಂದ ಚಿಗುರುಗಳನ್ನು ಎಳೆಯದರಲ್ಲೇ ಚಿವುಟಿ ತೆಗೆಯಿರಿ. ಆ ಅವಧಿಯಲ್ಲಿ ಯೂರಿಯಾ ಹಾಕಬೇಡಿ. ನೀರನ್ನು ಹಿತಮಿತವಾಗಿ ಕೊಡಿ. ಬೇಸಿಗೆಯಲ್ಲಿ ತಪ್ಪಿದ್ದನ್ನು ಹಿಂಗಾರಿನ ಕತ್ತರಿ ಸರಿಪಡಿಸಲಾರದು.

ಅಕ್ಟೋಬರ್ ಚಾಟ್ನಿ

ಈಗ ಕಡ್ಡಿ ಕಂದು ಬಣ್ಣಕ್ಕೆ ತಿರುಗಿ ಬಲಿತಿರಬೇಕು. ಸೀಸದ ಕಡ್ಡಿಯಷ್ಟು ದಪ್ಪನಾದುದು ಉತ್ತಮ. ಫಲದ ಕಣ್ಣು ಎಷ್ಟನೆಯದೋ ಅದರ ಮೇಲೆಯೇ ಕತ್ತರಿಸಬೇಕು. ಜಾತಿ, ತೋಟ, ಹವೆಗೆ ತಕ್ಕಂತೆ ಇದು ಬದಲಾಗುತ್ತದೆ. ಪಕ್ಕದ ತೋಟದ ಲೆಕ್ಕ ನಿಮಗೆ ಹೊಂದದಿರಬಹುದು. ಚಾಟ್ನಿಗೆ ಮೊದಲು ಕೆಲವು ಕಡ್ಡಿಗಳನ್ನು ಪ್ರಯೋಗಾಲಯಕ್ಕೆ ಕೊಟ್ಟು ಕಣ್ಣು ಪರೀಕ್ಷೆ ಮಾಡಿಸುವುದು ಲೇಸು.

ಮಳೆ ಹಿಂದೆಗೆಯುವ ಮುನ್ನವೇ ಅವಸರಪಟ್ಟರೆ ಎಳೆಯ ಗೊಂಚಲಿಗೆ ಬೂಜು ರೋಗ ತಗಲುತ್ತದೆ. ಬಹಳ ತಡವಾದರೆ ಚಳಿಯಿಂದ ಚಿಗುರು ನಿಧಾನವಾಗುತ್ತದೆ.

ಕಣ್ಣು ಒಟ್ಟಿಗೆ ಒಡೆಯಲು ಹೈಡ್ರೋಜನ್ ಸಯನಮೈಡನ್ನು ತುದಿಯ 2-3 ಕಣ್ಣುಗಳಿಗೆ ಚಾಟ್ನಿಯಾದ 48 ಗಂಟೆಯೊಳಗೆ ಸವರುವುದುಂಟು. ಇದು ವಿಷ. ಕೈಗವಸು ಇಲ್ಲದೆ ಮುಟ್ಟಬಾರದು. ಈ ಕೆಲಸದ ಹಿಂದುಮುಂದಿನ ದಿನಗಳಲ್ಲಿ ಮದ್ಯ ಕುಡಿದರೆ ಜೀವಕ್ಕೇ ಅಪಾಯ. ಆಳುಗಳಿಗೂ ಇದನ್ನು ತಪ್ಪದೆ ತಿಳಿಸಿರಿ.

ಚಾಟ್ನಿಯ ನಂತರ

ಕತ್ತರಿಸಿದ ಕಡ್ಡಿ, ಎಲೆಗಳನ್ನು ಚಪ್ಪರದಡಿ ಬಿಡದೆ ಹೊರಗೆ ಸಾಗಿಸಿರಿ. ಬಳಿಕ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿರಿ. 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಕಬ್ಬಿಣದ ಪಾತ್ರೆ ಬೇಡ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯಿರಿ. ಹೊಳೆಯುವ ಚಾಕುವನ್ನು ಅದರಲ್ಲಿ ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯಿರಿ.

ಕತ್ತರಿ ಹರಿತವಾಗಿರಲಿ, ಗಾಯ ನುಣುಪಾಗಿರಲಿ. ಏಪ್ರಿಲಿನಲ್ಲಿ ಬಿಸಿಲು ಕಂಡ ಕಣ್ಣೇ ಫೆಬ್ರುವರಿ-ಮಾರ್ಚಿನಲ್ಲಿ ನಿಮ್ಮ ಬುಟ್ಟಿ ತುಂಬುತ್ತದೆ.