ಚೆನ್ನಾಗಿ ಆಡುವುದು ಬೇರೆ, ತಂಡಕ್ಕೆ ಹೊಂದುವುದು ಬೇರೆ

ಮಕ್ಕಳೇ,

ಮಸ್ಕತ್‌ನಲ್ಲಿ ಸೆಕೆ ಇಳಿದು ಸಂಜೆ ಹೊರಗೆ ಆಡುವಂತಾದರೆ ಸಾಕು, ಶಾಲಾ ತಂಡಗಳ ಆಯ್ಕೆಯ ಮಾತು ಶುರುವಾಗುತ್ತದೆ. ಬಾಸ್ಕೆಟ್‌ಬಾಲ್ ತಂಡಕ್ಕೆ 40 ಮಕ್ಕಳು ಹೆಸರು ಕೊಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಬರುವುದು 12 ಹೆಸರು. ಉಳಿದ 28 ಮಕ್ಕಳಲ್ಲಿ ಹೆಚ್ಚಿನವರು ಮನೆಗೆ ಹೋಗಿ ಹೇಳುವುದು ಒಂದೇ ಮಾತು: "ಅಮ್ಮಾ, ನಂಗೆ ಆಡೋಕೆ ಬರಲ್ಲ ಅಂತೆ."

ಆದರೆ ಕೋಚ್ ಹಾಗೆ ಹೇಳಿದರೇ? ಪಟ್ಟಿಯಲ್ಲಿ ಹೆಸರಿಲ್ಲ, ಅಷ್ಟೇ. ಹೆಸರಿಲ್ಲದಿರುವುದಕ್ಕೂ ಆಡಲು ಬಾರದಿರುವುದಕ್ಕೂ ನಡುವೆ ತುಂಬಾ ದೂರವಿದೆ. ಇವತ್ತಿನ ಪಾಠ ಆ ದೂರದ ಬಗ್ಗೆ. ಇದನ್ನು ಅಪ್ಪ ಅಮ್ಮಂದಿರೂ ಜೊತೆಗೆ ಕೂತು ಓದಿದರೆ ಒಳ್ಳೆಯದು.

ಎರಡು ಪ್ರಶ್ನೆಗಳು

ಬಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡದಿಂದ ಒಮ್ಮೆಗೆ ಕೋರ್ಟ್‌ನಲ್ಲಿ ಇರುವುದು 5 ಜನ. ಪಾಯಿಂಟ್ ಗಾರ್ಡ್ ಚೆಂಡನ್ನು ಮುಂದಕ್ಕೆ ತಂದು ಹಂಚುತ್ತಾರೆ. ಶೂಟಿಂಗ್ ಗಾರ್ಡ್ ದೂರದಿಂದ ಗುರಿಯಿಟ್ಟು ಎಸೆಯುತ್ತಾರೆ. ಇಬ್ಬರು ಫಾರ್ವರ್ಡ್‌ಗಳು ಒಳಗೂ ಹೊರಗೂ ಓಡಾಡುತ್ತಾ ಆಡುತ್ತಾರೆ. ಸೆಂಟರ್ ಸಾಮಾನ್ಯವಾಗಿ ಎಲ್ಲರಿಗಿಂತ ಎತ್ತರದವರು. ಬಾಸ್ಕೆಟ್ ಹತ್ತಿರ ನಿಂತು, ತಪ್ಪಿ ಬಂದ ಚೆಂಡನ್ನು ಹಿಡಿಯುತ್ತಾರೆ. ಹಾಗೆ ಹಿಡಿಯುವುದಕ್ಕೆ ರಿಬೌಂಡ್ ಎನ್ನುತ್ತಾರೆ.

ಈಗ ಆಯ್ಕೆ ಮಾಡುವವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ.

ಮೊದಲನೆಯದು: ಈ ಮಗುವಿಗೆ ಎಷ್ಟು ಆಡಲು ಬರುತ್ತದೆ? ಇದು ಪ್ರತಿಭೆಯ ಪ್ರಶ್ನೆ.

ಎರಡನೆಯದು: ಈಗಿರುವ ತಂಡಕ್ಕೆ ಏನು ಕಡಿಮೆ ಇದೆ? ಅದನ್ನು ಈ ಮಗು ತುಂಬಬಲ್ಲದೇ? ಇದು ಹೊಂದಾಣಿಕೆಯ ಪ್ರಶ್ನೆ.

ಮೊದಲನೆಯದಕ್ಕೆ ಉತ್ತರ ನಿಮ್ಮೊಳಗಿದೆ. ಎರಡನೆಯದಕ್ಕೆ ಉತ್ತರ ಅರ್ಧ ನಿಮ್ಮೊಳಗೆ, ಇನ್ನರ್ಧ ತಂಡದ ಉಳಿದವರೊಳಗೆ. ತಂಡದಲ್ಲಿ ಆಗಲೇ ನಾಲ್ಕು ಒಳ್ಳೆಯ ಗಾರ್ಡ್‌ಗಳಿದ್ದರೆ, ಐದನೆಯ ಗಾರ್ಡ್ ಎಷ್ಟೇ ಚುರುಕಾಗಿದ್ದರೂ ಕೋಚ್ ಕಣ್ಣು ರಿಬೌಂಡ್ ಹಿಡಿಯುವವರನ್ನೇ ಹುಡುಕುತ್ತದೆ. ಅಡುಗೆಮನೆಯಲ್ಲಿ ಬೆಲ್ಲದ ಡಬ್ಬ ತುಂಬಿದೆ, ಉಪ್ಪು ಮುಗಿದಿದೆ. ಆಗ ಅಮ್ಮ ಅಂಗಡಿಯಿಂದ ಉಪ್ಪು ತರಲು ಹೇಳುತ್ತಾರೆ. ಬೆಲ್ಲ ಕೆಟ್ಟದ್ದು ಅಂತ ಅರ್ಥವೇ?

ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು

ಮೈಕಲ್ ಜೋರ್ಡನ್ ಹೆಸರು ನೀವು ಶೂ ಮೇಲಾದರೂ ಓದಿರುತ್ತೀರಿ. 1978ರಲ್ಲಿ ಅವರು ಅಮೆರಿಕದ ವಿಲ್ಮಿಂಗ್ಟನ್ ಊರಿನ ಲೇನಿ ಹೈಸ್ಕೂಲ್‌ನಲ್ಲಿ ಹತ್ತನೇ ತರಗತಿಯಲ್ಲಿದ್ದರು. ಶಾಲೆಯ ಮುಖ್ಯ ತಂಡದ ಪಟ್ಟಿ ಬಂದಾಗ ಅದರಲ್ಲಿ ಅವರ ಹೆಸರಿರಲಿಲ್ಲ. ಆದರೆ ಅದೇ ತರಗತಿಯ ಲೆರಾಯ್ ಸ್ಮಿತ್ ಎಂಬ ಹುಡುಗನ ಹೆಸರಿತ್ತು.

"ಜೋರ್ಡನ್‌ನನ್ನೇ ತಂಡದಿಂದ ಹೊರಗೆ ಹಾಕಿದ್ದರಂತೆ, ಆ ಕೋಚ್‌ಗೆ ಪ್ರತಿಭೆ ಗುರುತಿಸೋಕೇ ಬರಲಿಲ್ಲ" ಅಂತ ಈ ಕಥೆಯನ್ನು ಹೇಳುವವರು ಬಹಳ ಜನ. ನಡೆದದ್ದು ಸ್ವಲ್ಪ ಬೇರೆ. ಆಗ ಜೋರ್ಡನ್ ಎತ್ತರ ಸುಮಾರು 5 ಅಡಿ 10 ಅಂಗುಲ. ಆ ಜಾಗದಲ್ಲಿ ಆಡಲು ಅನುಭವವಿದ್ದ ದೊಡ್ಡ ತರಗತಿಯ ಹುಡುಗರು ತಂಡದಲ್ಲಿ ಆಗಲೇ ಇದ್ದರು. ತಂಡಕ್ಕೆ ಬೇಕಿದ್ದದ್ದು ಎತ್ತರ. ಲೆರಾಯ್ ಆರೂವರೆ ಅಡಿ ಇದ್ದ. ಜೋರ್ಡನ್‌ನನ್ನು ಶಾಲೆಯ ಕಿರಿಯರ ತಂಡದಲ್ಲಿ ಆಡಿಸಿದರು. ಅಲ್ಲಿ ಬೆಂಚ್ ಮೇಲೆ ಕೂರುವ ಬದಲು ಪ್ರತಿ ಪಂದ್ಯದಲ್ಲೂ ಆಡುವ ಅವಕಾಶ ಸಿಕ್ಕಿತು. ಮುಂದೆ ಅವರು ಎತ್ತರವೂ ಬೆಳೆದರು, ಆಟವೂ ಬೆಳೆಯಿತು. ಶಿಕಾಗೊ ಬುಲ್ಸ್ ತಂಡಕ್ಕಾಗಿ 6 ಸಲ ಎನ್‌ಬಿಎ ಚಾಂಪಿಯನ್ ಆದರು.

ಅಂದರೆ 1978ರ ಪಟ್ಟಿ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿತ್ತು. ಮೊದಲನೆಯ ಪ್ರಶ್ನೆಗೆ ಅಲ್ಲ.

ನಮ್ಮ ದ್ರಾವಿಡ್ ಕಥೆ

ಇದು ಬಾಸ್ಕೆಟ್‌ಬಾಲ್‌ಗೆ ಮಾತ್ರ ಸೇರಿದ ವಿಷಯವಲ್ಲ. 2003ರ ಕ್ರಿಕೆಟ್ ವಿಶ್ವಕಪ್‌ಗೆ ಹೋದ ಭಾರತ ತಂಡದಲ್ಲಿ ಪಾರ್ಥಿವ್ ಪಟೇಲ್ ಎಂಬ ಹುಡುಗನಿದ್ದ. 2002ರಲ್ಲಿ, 17ನೇ ವಯಸ್ಸಿಗೇ ಟೆಸ್ಟ್ ಪಂದ್ಯದಲ್ಲಿ ವಿಕೆಟ್ ಕೀಪಿಂಗ್ ಮಾಡಿದವನು. ಪ್ರತಿಭೆಗೆ ಕೊರತೆಯೇ ಇರಲಿಲ್ಲ. ಆದರೂ ಆ ವಿಶ್ವಕಪ್‌ನಲ್ಲಿ ಅವನಿಗೆ ಒಂದು ಪಂದ್ಯವೂ ಸಿಗಲಿಲ್ಲ. ಗ್ಲೌಸ್ ತೊಟ್ಟು ಸ್ಟಂಪ್ಸ್ ಹಿಂದೆ ನಿಂತವರು ಬೆಂಗಳೂರಿನ ರಾಹುಲ್ ದ್ರಾವಿಡ್.

ಕೀಪಿಂಗ್‌ನಲ್ಲಿ ದ್ರಾವಿಡ್ ಹೆಚ್ಚು ನಿಪುಣರು ಅಂತ ಯಾರೂ ಹೇಳುತ್ತಿರಲಿಲ್ಲ. ಬ್ಯಾಟರ್ ಆಗಿದ್ದ ದ್ರಾವಿಡ್ ಅವರೇ ಕೀಪಿಂಗ್ ಮಾಡಿದರೆ ತಂಡದಲ್ಲಿ ಒಂದು ಜಾಗ ಉಳಿಯುತ್ತದೆ. ಅಲ್ಲಿ ಏಳನೆಯ ಬ್ಯಾಟರ್ ಆಡಬಹುದು. ಆ ತಂಡಕ್ಕೆ ಬೇಕಿದ್ದದ್ದು ಅದು. ತನ್ನ ಮುಖ್ಯ ಕೆಲಸವಲ್ಲದ, ಮೈಕೈ ನೋಯಿಸುವ ಕೆಲಸವನ್ನು ದ್ರಾವಿಡ್ ಒಪ್ಪಿಕೊಂಡರು. ತಂಡ ಫೈನಲ್‌ವರೆಗೆ ಹೋಯಿತು.

ಇಲ್ಲಿ ಗಮನಿಸಿ: ಹೊಂದಾಣಿಕೆ ಹುಟ್ಟಿನಿಂದ ಬರುವುದಲ್ಲ. ದ್ರಾವಿಡ್ ಒಂದು ಕೆಲಸವನ್ನು ಹೆಚ್ಚಾಗಿ ಮಾಡಿ ತಂಡಕ್ಕೆ ಹೊಂದಿದರು. ಹಾಗೆಯೇ ನೀವೂ ಕಲಿಯಬಹುದು.

ತಾರೆಗಳನ್ನು ಒಟ್ಟು ಹಾಕಿದರೆ ಸಾಕೇ?

2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಅಮೆರಿಕ ಕಳಿಸಿದ ಪುರುಷರ ಬಾಸ್ಕೆಟ್‌ಬಾಲ್ ತಂಡದಲ್ಲಿ ಟಿಮ್ ಡಂಕನ್, ಅಲೆನ್ ಐವರ್ಸನ್ ಇದ್ದರು. ಆಗಿನ್ನೂ ಚಿಕ್ಕವರಾಗಿದ್ದ ಲೆಬ್ರಾನ್ ಜೇಮ್ಸ್ ಕೂಡ ಇದ್ದರು. ಒಬ್ಬೊಬ್ಬರೂ ದೊಡ್ಡ ಆಟಗಾರರೇ. ಆದರೆ ಒಟ್ಟಿಗೆ ಅಭ್ಯಾಸ ಮಾಡಿದ್ದು ಕಡಿಮೆ, ದೂರದಿಂದ ನಿಖರವಾಗಿ ಎಸೆಯುವವರೂ ಕಡಿಮೆ. ಮೊದಲ ಪಂದ್ಯದಲ್ಲೇ ಪೋರ್ಟೊ ರಿಕೊ ಎಂಬ ಪುಟ್ಟ ದ್ವೀಪದ ತಂಡ ಅವರನ್ನು 92–73ರಿಂದ ಸೋಲಿಸಿತು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಸೋಲಿಸಿತು. ವರ್ಷಗಟ್ಟಲೆ ಜೊತೆಯಾಗಿ ಆಡಿದ್ದ ಅರ್ಜೆಂಟೀನಾದವರು ಚಿನ್ನ ಗೆದ್ದರು. ಅಮೆರಿಕಕ್ಕೆ ಕಂಚು.

ನಂತರ ಅಮೆರಿಕ ಕ್ರಮ ಬದಲಿಸಿತು. ಕೆಲವು ವರ್ಷ ಒಟ್ಟಿಗೆ ಇರುತ್ತೇವೆ ಎಂದು ಒಪ್ಪುವ ಆಟಗಾರರನ್ನು ಕೂಡಿಸಿ ತಂಡ ಕಟ್ಟಿದರು. 2008ರಲ್ಲಿ ಚಿನ್ನ ಮರಳಿ ಬಂತು.

ಇದಕ್ಕೆ ಎದುರಾದ ಕಥೆ ಜಪಾನ್ ಮಹಿಳಾ ತಂಡದ್ದು. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಫೈನಲ್‌ನಲ್ಲಿ ಜಪಾನ್ ತಂಡ ಆಸ್ಟ್ರೇಲಿಯಾವನ್ನು 74–73ರಿಂದ, ಒಂದೇ ಒಂದು ಅಂಕದಿಂದ ಗೆದ್ದಿತು. ಅದೇ ಕೂಟದ ಎರಡನೇ ವಿಭಾಗದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದ್ದೂ ನೆನಪಿಡಬೇಕಾದ ವಿಷಯ.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಬರುವಾಗ ಜಪಾನಿನ ಅತಿ ಎತ್ತರದ ತಾರೆ ರಾಮು ತೊಕಾಶಿಕಿ ಗಾಯಗೊಂಡು ತಂಡದಲ್ಲಿರಲಿಲ್ಲ. ಉಳಿದವರು ವೇಗ, ಪಾಸ್ ಮತ್ತು ದೂರದ ಎಸೆತ ನಂಬಿ ಆಡಿದರು. ಫ್ರಾನ್ಸ್ ವಿರುದ್ಧದ ಸೆಮಿಫೈನಲ್‌ನಲ್ಲಿ 162 ಸೆಂಟಿಮೀಟರ್ ಎತ್ತರದ ರುಯಿ ಮಚಿದಾ 18 ಅಸಿಸ್ಟ್ ಕೊಟ್ಟು ಒಲಿಂಪಿಕ್ ದಾಖಲೆ ಮಾಡಿದರು. ಅಸಿಸ್ಟ್ ಅಂದರೆ ಗೆಳತಿ ಬಾಸ್ಕೆಟ್ ಮಾಡುವಂತೆ ಕೊಡುವ ಪಾಸ್. ಜಪಾನ್ ಬೆಳ್ಳಿ ಗೆದ್ದಿತು.

ಯಕ್ಷಗಾನ ನೋಡಿದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಚೆಂಡೆಯವರು ಎಷ್ಟೇ ನಿಪುಣರಿರಲಿ, ಭಾಗವತರ ಹಾಡು ಕೇಳಿಸದಂತೆ ಬಾರಿಸಿದರೆ ಪ್ರಸಂಗ ಕೆಡುತ್ತದೆ. ಎಲ್ಲಿ ಬಾರಿಸಬೇಕು, ಎಲ್ಲಿ ಕೈ ತಡೆಯಬೇಕು ಎಂದು ತಿಳಿಯುವುದೂ ವಿದ್ಯೆಯೇ.

ಅಂಕಪಟ್ಟಿ ಹೇಳದ ಮಾತು

2021ರ ಅಕ್ಟೋಬರ್ 17ರಂದು ಟಿ20 ವಿಶ್ವಕಪ್‌ನ ಮೊದಲ ಪಂದ್ಯ ಇಲ್ಲೇ ನಮ್ಮ ಅಲ್ ಅಮೆರಾತ್ ಮೈದಾನದಲ್ಲಿ ನಡೆಯಿತು. ಒಮಾನ್ ತಂಡ ಪಪುವಾ ನ್ಯೂ ಗಿನಿಯನ್ನು 10 ವಿಕೆಟ್‌ಗಳಿಂದ ಸೋಲಿಸಿತು. ನಾಯಕ ಝೀಶಾನ್ ಮಕ್ಸೂದ್ 4 ವಿಕೆಟ್ ಪಡೆದರು. ಆರಂಭಿಕರಾದ ಜತಿಂದರ್ ಸಿಂಗ್ 73, ಆಕಿಬ್ ಇಲ್ಯಾಸ್ 50 ರನ್ ಹೊಡೆದು ಔಟಾಗದೆ ಉಳಿದರು. ಉಳಿದ 9 ಜನರಿಗೆ ಬ್ಯಾಟ್ ಹಿಡಿಯುವ ಅವಕಾಶವೇ ಬರಲಿಲ್ಲ. ಅಂಕಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ರನ್ ಇಲ್ಲ. ಹಾಗಂತ ಅವರು ಏನೂ ಮಾಡಲಿಲ್ಲವೇ? ರನ್ ತಡೆದವರು, ಕ್ಯಾಚ್ ಹಿಡಿದವರು, ಅಗತ್ಯ ಬಿದ್ದರೆ ಆಡಲು ಪ್ಯಾಡ್ ಕಟ್ಟಿ ಕೂತವರು ಎಲ್ಲರೂ ಆ ಗೆಲುವಿನಲ್ಲಿದ್ದಾರೆ.

ಬಾಸ್ಕೆಟ್‌ಬಾಲ್‌ನಲ್ಲಿ ಇದನ್ನು ಸ್ವಲ್ಪ ಮಟ್ಟಿಗೆ ಅಳೆಯಲು ಒಂದು ಸುಲಭ ಲೆಕ್ಕವಿದೆ, ಪ್ಲಸ್-ಮೈನಸ್ ಅಂತ. ಒಬ್ಬರು ಕೋರ್ಟ್‌ನಲ್ಲಿ ಇದ್ದಷ್ಟು ಹೊತ್ತು ನಮ್ಮ ತಂಡ ಎಷ್ಟು ಅಂಕ ಗಳಿಸಿತು, ಎದುರಾಳಿ ಎಷ್ಟು ಗಳಿಸಿತು ಎಂದು ಬರೆದು ಕಳೆಯುವುದು. ಲೆಕ್ಕಕ್ಕಾಗಿ ಸಾನ್ವಿ, ರಘು ಎಂಬ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರ ತಂಡ 36–34ರಿಂದ ಗೆದ್ದಿತು.

ಸಾನ್ವಿ 14 ಅಂಕ ಹೊಡೆದಳು. ಅವಳು ಕೋರ್ಟ್‌ನಲ್ಲಿದ್ದಾಗ ನಮ್ಮದು 22, ಅವರದು 27. ಅವಳ ಲೆಕ್ಕ: 22 − 27 = −5.

ರಘು ಹೊಡೆದದ್ದು ಬರೀ 2 ಅಂಕ. ಅವನಿದ್ದಾಗ ನಮ್ಮದು 25, ಅವರದು 16. ಅವನ ಲೆಕ್ಕ: 25 − 16 = +9.

ಹಾಗಾದರೆ ರಘುವೇ ಸಾನ್ವಿಗಿಂತ ಒಳ್ಳೆಯ ಆಟಗಾರ ಎನ್ನಬಹುದೇ? ಅವಸರ ಬೇಡ! ಸಾನ್ವಿ ಆಡುವಾಗ ಎದುರಾಳಿಯ ಬಲಿಷ್ಠ ಐವರು ಎದುರಿಗಿದ್ದಿರಬಹುದು. ರಘು ಜೊತೆ ಒಳ್ಳೆಯ ನಾಲ್ವರು ಇದ್ದಿರಬಹುದು. ಒಂದು ಪಂದ್ಯದ ಲೆಕ್ಕದಿಂದ ಏನನ್ನೂ ತೀರ್ಮಾನಿಸಬಾರದು. ಹತ್ತಾರು ಪಂದ್ಯಗಳಲ್ಲಿ, ಜೊತೆಗಾರರನ್ನು ಬದಲಿಸಿ ನೋಡಿದರೂ ರಘು ಲೆಕ್ಕ ಮೇಲೆಯೇ ಉಳಿದರೆ ಆಗ ಕೇಳಬೇಕು: ಈ ಹುಡುಗ ನಮ್ಮ ಕಣ್ಣಿಗೆ ಬೀಳದ ಏನನ್ನೋ ಮಾಡುತ್ತಿದ್ದಾನಲ್ಲ, ಏನದು? ಬಹುಶಃ ಎದುರಾಳಿಯ ಒಳ್ಳೆಯ ಶೂಟರ್‌ನನ್ನು ತಡೆಯುತ್ತಿದ್ದಾನೆ. ಬಹುಶಃ ಸರಿಯಾದ ಜಾಗದಲ್ಲಿ ನಿಂತು ಬೇರೆಯವರಿಗೆ ದಾರಿ ಬಿಡಿಸುತ್ತಿದ್ದಾನೆ.

ಅಪ್ಪ ಅಮ್ಮಂದಿರಿಗೆ ಎರಡು ಮಾತು

ಹೊಂದಾಣಿಕೆಯ ಮಾತನ್ನು ಚಿಕ್ಕ ಮಕ್ಕಳ ಮೇಲೆ ಅತಿಯಾಗಿ ಹೇರುವುದೂ ಅಪಾಯ. 11ನೇ ವಯಸ್ಸಿಗೆ ಎತ್ತರವಿದ್ದಾನೆ ಅಂತ ಒಬ್ಬನನ್ನು ಬಾಸ್ಕೆಟ್ ಕೆಳಗೇ ನಿಲ್ಲಿಸಿಬಿಟ್ಟರೆ ಅವನು ಚೆಂಡು ಪುಟಿಸಿಕೊಂಡು ಓಡುವುದನ್ನು ಕಲಿಯುವುದೇ ಇಲ್ಲ. 15ಕ್ಕೆ ಉಳಿದವರೂ ಅವನಷ್ಟೇ ಎತ್ತರ ಬೆಳೆದಾಗ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಚಿಕ್ಕವರಿದ್ದಾಗ ಎಲ್ಲರೂ ಎಲ್ಲ ಜಾಗದಲ್ಲೂ ಆಡಬೇಕು.

ಇನ್ನೊಂದು: ಒಂದೇ ವಯಸ್ಸಿನ ಗುಂಪಿನಲ್ಲೂ ಜನವರಿಯಲ್ಲಿ ಹುಟ್ಟಿದವರು ಡಿಸೆಂಬರ್‌ನಲ್ಲಿ ಹುಟ್ಟಿದವರಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವರು. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಇರುವುದನ್ನು 1980ರ ದಶಕದಲ್ಲೇ ಸಂಶೋಧಕರು ಗುರುತಿಸಿದ್ದರು. ನಾವು ಪ್ರತಿಭೆ ಎಂದುಕೊಳ್ಳುವುದು ಕೆಲವೊಮ್ಮೆ ಬರೀ ಹನ್ನೊಂದು ತಿಂಗಳ ಬೆಳವಣಿಗೆ.

ಆಯ್ಕೆ ಮಾಡುವವರಿಗೂ ಒಂದು ಹೊಣೆ ಇದೆ. "ಹೊಂದುವುದಿಲ್ಲ" ಎಂದು ಹೇಳಿ ಸುಮ್ಮನಾದರೆ ಅದು ನೆಪವೂ ಆಗಬಹುದು. ತಂಡಕ್ಕೆ ಏನು ಬೇಕಿತ್ತು, ಮಗು ಏನು ಕಲಿಯಬೇಕು ಎಂದು ಒಂದೆರಡು ಮಾತಿನಲ್ಲಿ ಹೇಳಬೇಕು. ಕೋಚ್ ಹೇಳದಿದ್ದರೆ ನೀವು ವಿನಯದಿಂದ ಕೇಳಿ. ಜಗಳಕ್ಕೆ ಹೋಗಬೇಡಿ, ಬೇರೆ ಮಗುವಿನ ಜೊತೆ ಹೋಲಿಸಬೇಡಿ. ಪಂದ್ಯ ಮುಗಿಸಿ ಕಾರು ಹತ್ತಿದ ಮಗುವಿಗೆ "ಎಷ್ಟು ಪಾಯಿಂಟ್ ಹೊಡೆದೆ?" ಎನ್ನುವ ಬದಲು "ಇವತ್ತು ಯಾರಿಗೆ ಒಳ್ಳೆ ಪಾಸ್ ಕೊಟ್ಟೆ?" ಅಂತ ಕೇಳಿ ನೋಡಿ. ನಾವು ಏನನ್ನು ಕೇಳುತ್ತೇವೋ ಮಕ್ಕಳು ಅದನ್ನೇ ಎಣಿಸಲು ಕಲಿಯುತ್ತಾರೆ.

ಅಭ್ಯಾಸ

1. ನಿಮ್ಮ ಮೆಚ್ಚಿನ ಯಾವುದೇ ಆಟದ ತಂಡ ತೆಗೆದುಕೊಳ್ಳಿ. ಅದರಲ್ಲಿ ಹೆಚ್ಚು ಹೆಸರು ಮಾಡದ ಒಬ್ಬರನ್ನು ಆರಿಸಿ, ಅವರು ತಂಡಕ್ಕೆ ಏನು ಕೊಡುತ್ತಾರೆ ಎಂದು ಐದು ವಾಕ್ಯ ಬರೆಯಿರಿ.

2. ಗೆಳೆಯರ ಒಂದು ಪಂದ್ಯ ನೋಡುತ್ತಾ ಇಬ್ಬರ ಪ್ಲಸ್-ಮೈನಸ್ ಲೆಕ್ಕ ಹಾಕಿ. ಅಂಕಪಟ್ಟಿಗೂ ಅದಕ್ಕೂ ಏನು ವ್ಯತ್ಯಾಸ ಕಂಡಿತು?

3. ನೀವು ಆಯ್ಕೆಯಾಗದಿದ್ದರೆ ಕೋಚ್ ಹತ್ತಿರ ಹೇಗೆ ಕೇಳುತ್ತೀರಿ? ಹೀಗೆ ಶುರು ಮಾಡಬಹುದು: "ಸರ್, ತಂಡಕ್ಕೆ ಈಗ ಏನು ಬೇಕು? ಮುಂದಿನ ಸಲಕ್ಕೆ ನಾನು ಏನು ಕಲಿತುಕೊಂಡು ಬರಲಿ?" ಉಳಿದ ಸಂಭಾಷಣೆಯನ್ನು ನೀವೇ ಕನ್ನಡದಲ್ಲಿ ಬರೆದು, ಮುಂದಿನ ವಾರ ತರಗತಿಗೆ ತನ್ನಿ. ಇಬ್ಬಿಬ್ಬರು ಸೇರಿ ಓದೋಣ.